ಚಿಗವ್ವನ ಕೈಗುಣ

ಹಸಿ ಯರಿಮಣ್ಣಿಗೆ, ಆ ಅಂಟು ಕರಿಮಣ್ಣಿಗೆ, ಒಂದು ತಂಪು ವಾಸನೆ ಇರುತ್ತದೆ, ಕೆರೆ ಬತ್ತುವ ಕಾಲಕ್ಕೆ ಊರ ತನಕ ಬರುವಂಥದ್ದು. ಕಳೆದ ಚಳಿಗಾಲದಲ್ಲಿ ಅದು ಬರಬಾರದ ಜಾಗದಿಂದ ನನ್ನ ಮೂಗಿಗೆ ಬಂತು. ಹುಲಿಹೈದರದ ಆಚೆ, ಗುಡ್ಡದ ಇಳಿಜಾರಿನಲ್ಲಿದ್ದ ನಮ್ಮ ಹಳೆಯ ಜಾಗದಲ್ಲಿ ಮಗ ಎರಡು ಖೋಲಿಯ ಮನೆ ಕಟ್ಟಿಸಿದ್ದ. ಸಂಡಾಸದ ಗುಂಡಿಯೊಂದು ಮಾತ್ರ ಸರಿಬರಲಿಲ್ಲ. ಮೇಲೆ ಎರಡು ಮೊಳ ಕಲ್ಲುಹರಳಿನ ಕೆಂಪು ಗರಸು, ಅದರ ಕೆಳಗೆ ಹಾಸುಬಂಡೆ. ಒಳಗೆ ಬಿದ್ದ ನೀರು ಇಂಗದೆ ಎಂಟೇ ದಿನಕ್ಕೆ ಗುಂಡಿಯ ಬಾಯಿಗೆ ಬಂದು ನಿಂತಿತು. ಬೇರೆ ಜಾಗ ಹುಡುಕುತ್ತ ಗೌಂಡಿ ಹಿತ್ತಲ ಗೋಡೆಯ ಬುಡ ಅಗೆದಾಗ ಹಾರೆಯ ತುದಿಗೆ ಕರಿಮಣ್ಣಿನ ಮುದ್ದೆ ಹತ್ತಿಕೊಂಡು ಬಂತು. ಅವನು ಅದನ್ನು ಬೆರಳಲ್ಲಿ ಹಿಸುಕಿ ನೋಡಿ, "ಅಜ್ಜಾರ, ಇದು ಇಲ್ಲೀ ಮಣ್ಣಲ್ರಿ. ಯಾರೋ ಕಲಿಸಿ, ಹಾಸುಬಂಡಿ ಸಂದ್ಯಾಗ ಒತ್ತಿ ತುಂಬ್ಯಾರ," ಎಂದ. ತುಂಬಿದವನು ನಾನೇ. ಆಗ ನನಗೆ ಹನ್ನೊಂದು ವರ್ಷ.

ಆ ಜಾಗದಲ್ಲಿ ಆಗ ದೊಡ್ಡ ಮನೆಯಿತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹದಿಮೂರು ಮಂದಿ. ಇಳಿಜಾರು ನೋಡಿಕೊಂಡು ಕಟ್ಟಿದ್ದರಿಂದ ಹಿತ್ತಲು ಎರಡಾಗಿತ್ತು. ಬಚ್ಚಲು ಮತ್ತು ಎಮ್ಮೆ ತೊಳೆಯುವ ಕಟ್ಟೆ ಇದ್ದ ಮೇಲಿನದು ನಮ್ಮವ್ವನದು. ನಡುವಿನ ಗೋಡೆ ದಾಟಿ ಕೆಳಗಿನದು ಕಾಕಾನ ಹೆಂಡತಿ ಚಿಗವ್ವನದು. ಚಿಗವ್ವನ ಹಿತ್ತಲಲ್ಲಿ ದುಂಡುಮಲ್ಲಿಗೆ, ನಿಂಬೆ, ಬದನೆ, ಬಸಳೆ. ಗುಡ್ಡದ ಮೇಲಿನ ಹುಲ್ಲೆಲ್ಲ ಸುಟ್ಟು ಬೂದಿಬಣ್ಣವಾಗುವ ಬ್ಯಾಸಗಿಯಲ್ಲೂ ಅಲ್ಲಿ ಮಣ್ಣು ತಣ್ಣಗಿರುತ್ತಿತ್ತು, ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತಿತ್ತು. ಬಾವಿ ಗುಡ್ಡದ ಕೆಳಗಿದ್ದುದರಿಂದ ಗಿಡಕ್ಕೆ ಹಾಕಲು ಯಾರೂ ಕೊಡ ಹೊರುತ್ತಿರಲಿಲ್ಲ; ಪಾತ್ರೆ ತೊಳೆದ ಮುಸುರಿ ನೀರು ಚೆಲ್ಲುವುದಷ್ಟೇ ಅವಳ ಆರೈಕೆ. ಅವ್ವ ಮೂರು ಸಲ ಕರಿಬೇವು ನೆಟ್ಟಳು, ಮೂರು ಸಲವೂ ಕಡ್ಡಿಯಾಯಿತು. ಇಡೀ ಮನೆ ಇದಕ್ಕೆ ಒಂದೇ ಕಾರಣ ಹೇಳುತ್ತಿತ್ತು, ಕೈಗುಣ. ನಮ್ಮ ಆಯಿ, ಅಪ್ಪನ ಅವ್ವ, ಅಂತೂ ಊಟಕ್ಕೆ ಕೂತವರ ಎದುರಿಗೇ, "ಸಣ್ಣ ಸೊಸಿ ಒಣ ಕಟಗಿ ಊರಿದ್ರೂ ಚಿಗಿತೈತಿ. ಹಿರೇ ಸೊಸಿ ಮುಟ್ಟಿದ್ರ ಹಸೀದೂ ಒಣಗತೈತಿ," ಎಂದು ನಗುತ್ತಿದ್ದಳು. ಅವ್ವನೂ ನಕ್ಕಂತೆ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಮಾತ್ರ ಜೋರಾಗುತ್ತಿತ್ತು.

ಬಿತ್ತಿಗೆಯ ದಿನ ಕೂರಿಗೆ ಹೂಡುವ ಮೊದಲು ಕೈಗುಣವಿದ್ದ ಹೆಂಗಸಿನಿಂದ ಒಂದು ಹಿಡಿ ಕಾಳು ಹಾಕಿಸುವುದು ನಮ್ಮ ಕಡೆಯ ರೂಢಿ. ನಮ್ಮ ಹೊಲಕ್ಕಷ್ಟೇ ಅಲ್ಲ, ಓಣಿಯ ನಾಲ್ಕು ಮನೆಯವರೂ ಚಿಗವ್ವನನ್ನೇ ಕರೆಯುತ್ತಿದ್ದರು. ಉಡಿ ತುಂಬಿಸಿಕೊಂಡು ಬಂದವಳು ಮೊದಲು ಅವ್ವನ ಹತ್ತಿರ ಕೂತು ಅದನ್ನು ಹಂಚಿಕೊಳ್ಳುತ್ತಿದ್ದಳು. ದಿನಾ ಸಂಜೆ ಮೊದಲ ಮಲ್ಲಿಗೆ ಮಾಲೆ ಅವ್ವನ ಹೆರಳಿಗೇ. ಇದನ್ನು ಬಿಟ್ಟು ಹೇಳಿದರೆ ನನ್ನ ತಪ್ಪು ಸಣ್ಣದಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅವಳು ಕೊಟ್ಟಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು. ಅವ್ವನ ತಲೆಯಲ್ಲಿ ಆ ಹೂವಿನ ವಾಸನೆ ಬಂದರೆ ಅವಳ ಮಗ್ಗುಲಲ್ಲಿ ಮಲಗುವುದೂ ಬೇಡ ಅನ್ನಿಸುತ್ತಿತ್ತು.

ನಾಲ್ಕನೆಯ ಕರಿಬೇವಿಗೆಂದು ಅವ್ವ ಗೋಡೆಯ ಬುಡದಲ್ಲಿ ತೋಡಲು ಹೇಳಿದಾಗ ನನಗೆ ಗುಟ್ಟು ಸಿಕ್ಕಿತು. ಗರಸು ಮುಗಿದು ಬಂಡೆ ಸಿಕ್ಕಿತು, ಅದರ ಇಳುಕಲಿನ ಮೇಲೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಸೀಗೆಕಾಯಿಯ ನೊರೆ, ಎಮ್ಮೆಯ ವಾಸನೆ. ನಮ್ಮ ಬಚ್ಚಲ ನೀರು! ಗರಸಿನಲ್ಲಿ ಇಳಿದು, ಬಂಡೆಯ ಮೇಲೆ ಜಾರಿ, ಅಂಗೈ ಅಗಲದ ಒಂದು ಸೀಳಿನಲ್ಲಿ ಗೋಡೆಯಡಿ ನುಸುಳಿ ಚಿಗವ್ವನ ಹಿತ್ತಲಿಗೆ ಹೋಗುತ್ತಿತ್ತು. ನಮ್ಮ ಕಡೆ ಒಂದು ಹನಿಯೂ ನಿಲ್ಲುತ್ತಿರಲಿಲ್ಲ. ಓಡಿಹೋಗಿ ಎಲ್ಲರನ್ನೂ ಕರೆದು ತೋರಿಸಿದ್ದರೆ ಅವ್ವನ ಮೇಲಿನ ಕೆಟ್ಟ ಹೆಸರು ಅವತ್ತೇ ತೊಳೆದುಹೋಗುತ್ತಿತ್ತು. ಹಾಗೆ ಮಾಡಿದ್ದರೆ ಚಿಗವ್ವನ ಗಿಡಗಳೂ ಉಳಿಯುತ್ತಿದ್ದವು. ಅವು ಉಳಿಯುವುದೇ ನನಗೆ ಬೇಕಿರಲಿಲ್ಲ. ಕೆರೆಯ ಒಡ್ಡಿನ ಹೊಟ್ಟೆಗೆ ನೀರು ಬಿಡದ ಯರಿಮಣ್ಣು ತುಂಬುವುದನ್ನು ನೋಡಿದ್ದೆ. ಕೆಳಗಿನ ಹೊಲದಿಂದ ಎರಡು ಬುಟ್ಟಿ ತಂದು, ಕಲಿಸಿ, ಸೀಳಿಗೆ ಒತ್ತಿ, ಮೇಲೆ ಕಲ್ಲು ಜಡಿದು ಮುಚ್ಚಿದೆ. ಅವ್ವನಿಗೆ ಅಲ್ಲಿ ಬರೀ ಬಂಡೆ ಐತಿ ಎಂದೆ. ಅವಳು ನನ್ನ ಕೈ ಹಿಡಿದು ಉಗುರ ಸಂದಿಯ ಕರಿಮಣ್ಣನ್ನು ನೋಡಿದಳು. ಆಮೇಲೆ ಬೂದಿ ಹಚ್ಚಿ ತಿಕ್ಕಿ ತೊಳೆದಳು. ಏನೂ ಕೇಳಲಿಲ್ಲ.

ಆ ಬ್ಯಾಸಗಿಯಲ್ಲಿ ಮೊದಲು ಬಸಳೆ ಜೋತುಬಿತ್ತು, ಆಮೇಲೆ ಮಲ್ಲಿಗೆ, ಕೊನೆಗೆ ನಿಂಬೆ. ಚಿಗವ್ವ ಬಾವಿಯಿಂದ ಕೊಡ ಹೊತ್ತಳು, ದೇವರಿಗೆ ಹರಕೆ ಹೊತ್ತಳು. ಕೈಯಲ್ಲಿ ದೋಷ ಬಂದಿದೆ ಎಂದು ಮೊದಲು ಓಣಿ ಅಂದಿತು, ಆಮೇಲೆ ಆಯಿ ಅಂದಳು. ಮುಂದಿನ ಬಿತ್ತಿಗೆಗೆ, ಮನೆಯ ಹಿರಿಯ ಸೊಸೆಯೆಂಬ ಲೆಕ್ಕಕ್ಕೆ, ಅವ್ವನಿಗೆ ಕರೆ ಬಂತು. ಅವ್ವ ಹೊಸ ಸೀರೆ ಉಟ್ಟು ಹೋದಳು, ಗೋಡೆಯ ಕಡೆ ತಿರುಗಿ ನೋಡದೆ. ನನಗೆ ಹಬ್ಬ. ಆದರೆ ಹಾದಿ ಕಟ್ಟಿದ ನೀರು ಎಲ್ಲಿ ಹೋಗಬೇಕು? ನಮ್ಮ ಅಡಿಗೆಮನೆಯ ಗೋಡೆ ಅರ್ಧ ಬಂಡೆಯ ಮೇಲೆ, ಅರ್ಧ ಗರಸಿನ ಮೇಲೆ ನಿಂತಿತ್ತು. ನೀರು ಕುಡಿದ ಗರಸು ಕುಸಿಯಿತು, ಬಂಡೆ ಅಲುಗಲಿಲ್ಲ. ಗೋಡೆ ನಡುವೆ ಸೀಳಿತು. ಎರಡನೆಯ ಮಳೆಗಾಲಕ್ಕೆ ಮಾಳಿಗೆಯೇ ಕೂತಿತು. ಯಾರಿಗೂ ಏಟಾಗಲಿಲ್ಲ, ಆದರೆ ಮತ್ತೆ ಒಟ್ಟಿಗೆ ಕಟ್ಟುವ ಮನಸ್ಸು ಯಾರಿಗೂ ಬರಲಿಲ್ಲ. ಕಾಕಾ ಸಂಸಾರ ಕಟ್ಟಿಕೊಂಡು ಬೇರೆ ಊರಿಗೆ ಹೋದ. ಹದಿಮೂರು ಮಂದಿ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ ಆ ಪಡಸಾಲೆ ಹೋಯಿತು.

ಗೌಂಡಿ ಗುಂಡಿ ಅಗೆದ ವಾರದೊಳಗೆ ನಾನು ಹನುಮಸಾಗರದ ಬಸ್ಸು ಹತ್ತಿದೆ. ಚಿಗವ್ವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂಜು, ಕಿವಿ ಚುರುಕು. ಅಂಗಳದ ತುಂಬ ಗಿಡ. ತನ್ನವ್ವ ದೋಷದ ಕೈ ಎಂದು ಒಂದನ್ನೂ ಮುಟ್ಟುವುದಿಲ್ಲ, ಮೊಮ್ಮಗಳ ಮದುವೆಯಲ್ಲೂ ಹಂದರಗಂಬಕ್ಕೆ ಕೈ ಹಚ್ಚಲಿಲ್ಲ ಎಂದು ಮಗಳು ಹೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಚಿಗವ್ವ ಸೆರಗಿನ ಅಂಚು ಮಡಚುತ್ತ ಕೂತಳು.

"ನಿಮ್ಮವ್ವಗ ಗೊತ್ತಿತ್ತನು?" ಎಂದಳು.

"ನನ್ನ ಕೈ ತೊಳದಿದ್ಲು, ಚಿಗವ್ವ. ಕೇಳಲಿಲ್ಲ."

ಅವಳು ತಲೆಯಾಡಿಸಿದಳು. "ಆಕಿ ಬಿತ್ತಿದ ವರ್ಷ ಜ್ವಾಳ ಹೆಂಗ ಬಂದಿತ್ತು?"

"ಛಲೋ ಬಂದಿತ್ತು. ಕಣ ಸಾಲಲಿಲ್ಲ."

"ಹಂಗಾರ ಅಕ್ಕನ ಕೈನೂ ಛಲೋನ ಇತ್ತು, ತಗೋ."

ಅಷ್ಟು ಸಲೀಸಾಗಿ ಅಂದಳು. ಆ ಮನಸ್ಸಿನ ಮೇಲೂ ಒಂದು ಗಳಿಗೆ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯವರ ಬಾಯಲ್ಲಿ ಆ ಒಂದು ಮಾತು ಕೇಳಬೇಕೆಂದೇ ಹನ್ನೊಂದು ವರ್ಷದ ನಾನು ಅಷ್ಟೆಲ್ಲ ಮಾಡಿದ್ದು. ಅವ್ವನನ್ನು ಬಿತ್ತಿಗೆಗೆ ಕರೆದ ವರ್ಷವೂ, ಕಣ ತುಂಬಿದಾಗಲೂ ಯಾರೂ ಅಂದಿರಲಿಲ್ಲ. ಅವ್ವ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು.