ನಮ್ಮ ಮದ್ದೂರು ಬಾತ್ಮೀದಾರರಿಂದ

ಯುದ್ಧದ ವರ್ಷಗಳಲ್ಲಿ ನಾನು ಮದ್ದೂರಿನಲ್ಲಿ ಮೈಸೂರಿನ ಒಂದು ದಿನಪತ್ರಿಕೆಯ ಏಜೆಂಟನಾಗಿದ್ದೆ. ಏಜೆಂಟನಾದವನೇ ಊರಿನ ಬಾತ್ಮೀದಾರನೂ ಆಗಬೇಕೆಂಬುದು ಆಗಿನ ರೂಢಿ. ಬೆಳಗಿನ ರೈಲಿನಲ್ಲಿ ಬಂದ ಕಟ್ಟನ್ನು ಬಿಚ್ಚಿ ಹಂಚುವುದು, ಆಮೇಲೆ ಸ್ಲೇಟು, ಬಳಪ, ಶಾಯಿಪುಡಿ ಮಾರುವ ನನ್ನ ಚಿಕ್ಕ ಅಂಗಡಿಯಲ್ಲಿ ಕೂರುವುದು, ಊರಲ್ಲಿ ಏನಾದರೂ ಸುದ್ದಿಯಾಗಿದ್ದರೆ ಸಂಜೆ ಬರೆದು ಅಂಚೆಗೆ ಹಾಕುವುದು, ಇಷ್ಟು ನನ್ನ ಕೆಲಸ. ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುತ್ತಿರಲಿಲ್ಲ. ‘ನಮ್ಮ ಮದ್ದೂರು ಬಾತ್ಮೀದಾರರಿಂದ’ ಎಂಬ ಒಂದು ಸಾಲು, ಅದರ ಕೆಳಗೆ ಸುದ್ದಿ. ಆದರೆ ಊರಿಗೆ ಇದ್ದವನೇ ಒಬ್ಬ ಬಾತ್ಮೀದಾರ. ಆ ಸಾಲು ಕಂಡರೆ ಸಾಕು, ಬರೆದವನು ನಾನೇ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಅದರಲ್ಲಿ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನಮ್ಮ ಸೀಮೆಗೆ ನಾಲೆ ನೀರು ಬಂದು ಗದ್ದೆ, ಕಬ್ಬು ಎದ್ದಿದ್ದವು. ನೀರಿನ ಜೊತೆಗೆ ಸೊಳ್ಳೆಯೂ ಬಂತು, ಚಳಿಜ್ವರವೂ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ವಿನೈನು ಕೊಡುತ್ತಿದ್ದರು. ನಾಲಗೆಗೆ ಇಟ್ಟರೆ ವಿಷದಷ್ಟು ಕಹಿ, ನುಂಗಿದ ಮೇಲೆ ಕಿವಿಯೊಳಗೆ ಗುಯ್ಯೆನ್ನುವ ಸದ್ದು. ಜನ ಬೈದುಕೊಂಡೇ ನುಂಗುತ್ತಿದ್ದರು. ಯುದ್ಧ ಜೋರಾದ ಮೇಲೆ ಅದಕ್ಕೂ ಕೊರತೆಯಾಯಿತು. ಆಸ್ಪತ್ರೆಯ ಮುಂದೆ ಕಂಬಳಿ ಹೊದ್ದು ಕೂತವರು ಮಧ್ಯಾಹ್ನದವರೆಗೆ ಕಾದು, ಬರಿಗೈಲಿ ಹೋಗುವುದನ್ನು ನಾನು ನೋಡುತ್ತಿದ್ದೆ. ಅದನ್ನೇ ಬರೆದು ಕಳಿಸಿದೆ. ಒಂದು ಹಳ್ಳಿಯಲ್ಲಿ ಮೇಷ್ಟರೂ ಜ್ವರ ಬಂದು ಮಲಗಿದ್ದರಿಂದ ಶಾಲೆ ಮುಚ್ಚಿದೆ ಎಂದೂ ಬರೆದಿದ್ದೆ. ಅಚ್ಚಾದದ್ದು ಎರಡೇ ಸಾಲು, ಅದೂ ಒಳಪುಟದ ಕೆಳಗಡೆ.

ಆ ದಿನಗಳಲ್ಲೇ ಬೆಂಗಳೂರಿನ ಒಂದು ಔಷಧ ಕಂಪನಿಯ ಮನುಷ್ಯ ನನ್ನ ಅಂಗಡಿಗೆ ಬಂದ. ಮಡಿಕೆ ಕೆಡದ ಕೋಟು, ಮೃದುವಾದ ಮಾತು. ಚೀಲದಿಂದ ಕಿತ್ತಳೆ ಬಣ್ಣದ ಮಿಕ್ಸ್ಚರಿನ ಬಾಟಲಿ ತೆಗೆದು ಮುಂದಿಟ್ಟ.

“ನೀವು ಪತ್ರಿಕೆಗೆ ಬರೆಯೋರಂತೆ. ಇದನ್ನು ಕುಡಿದು ನಿಮ್ಮ ನಾಲೆ ಬಯಲಿನ ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಚಳಿಜ್ವರ ಬಿಟ್ಟಿದೆ. ಅದೂ ಒಂದು ಸುದ್ದಿ ಅಲ್ಲವೇ?” ಎಂದ.

“ಸುದ್ದೀನೇ. ಯಾವ ಹಳ್ಳಿ ಹೇಳಿ, ಹೋಗಿ ನೋಡಿ ಬರೀತೀನಿ” ಎಂದೆ.

“ಒಂದು ಹಳ್ಳಿ ಅಂತ ಹೇಗೆ ಹೇಳೋದು? ಎಲ್ಲ ಕಡೆಯೂ ಹಾಗೇ ಇದೆ.”

“ಒಂದಾದರೂ ಹೇಳಿ.”

ಅವನು ನಕ್ಕು, ಜೇಬಿನಿಂದ ಮಡಿಚಿದ ಕಾಗದ ತೆಗೆದ. “ತಮಗೆ ಯಾಕೆ ತೊಂದರೆ? ನಾವೇ ಬರೆದು ತಂದಿದ್ದೀವಿ. ತಾವು ಕಳಿಸಿಕೊಟ್ಟರೆ ಆಯಿತು.”

ನಾನು ಕಾಗದವನ್ನು ಓದದೆ ಹಿಂದಕ್ಕೆ ಕೊಟ್ಟೆ. ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಕೈಮುಗಿದು, ರಸ್ತೆ ದಾಟಿ ಎದುರಿನ ಶೆಟ್ಟರ ಅಂಗಡಿಗೆ ಹೋದ. ಮಾರನೆಯ ವಾರ ಶೆಟ್ಟರ ಗಾಜಿನ ಬೀರುವಿನಲ್ಲಿ ಕಿತ್ತಳೆ ಬಾಟಲಿಗಳು ಸಾಲಾಗಿ ನಿಂತಿದ್ದವು. ನಾನು ಅದನ್ನು ಅಲ್ಲಿಗೇ ಮರೆತೆ.

ಒಂದು ಬೆಳಿಗ್ಗೆ ಸ್ಟೇಷನ್ನಿನಲ್ಲಿ ಪತ್ರಿಕೆಯ ಕಟ್ಟು ಬಿಚ್ಚಿದೆ. ಎರಡನೆಯ ಪುಟದಲ್ಲಿ, ‘ನಮ್ಮ ಮದ್ದೂರು ಬಾತ್ಮೀದಾರರಿಂದ’ ಎಂಬ ಸಾಲಿನ ಕೆಳಗೆ ದೊಡ್ಡ ಸುದ್ದಿಯೊಂದಿತ್ತು. ನಾನು ಏನೂ ಕಳಿಸಿರಲಿಲ್ಲವಾದ್ದರಿಂದ, ಹಳೆಯದೇನೋ ಈಗ ಹಾಕಿದ್ದಾರೆ ಎಂದು ಸಂತೋಷದಿಂದಲೇ ಓದತೊಡಗಿದೆ. ನಾಲೆ ಬಯಲಿನ ಹಳ್ಳಿಗಳಲ್ಲಿ ಚಳಿಜ್ವರವು ಆಶ್ಚರ್ಯಕರವಾಗಿ ಇಳಿದಿದೆಯಂತೆ. ಹೊಸ ಮಿಕ್ಸ್ಚರೊಂದರ ಸೇವನೆಯಿಂದ ಆಬಾಲವೃದ್ಧರು ಹೊಲಗದ್ದೆಗಳಿಗೆ ಮರಳಿದ್ದಾರಂತೆ. ಕಹಿಯೂ ಇಲ್ಲ, ಕಿವಿಯ ಉಪದ್ರವವೂ ಇಲ್ಲ ಎಂದು ರೈತರು ಹರ್ಷಪಡುತ್ತಿದ್ದಾರಂತೆ. ಕೊನೆಯಲ್ಲಿ, ಸದರಿ ಮಿಕ್ಸ್ಚರು ಮದ್ದೂರು ಪೇಟೆಯಲ್ಲಿ ದೊರೆಯುತ್ತದೆ ಎಂದಿತ್ತು.

ಅಕ್ಷರ ನನ್ನ ಸುದ್ದಿಗಳಿಗೆ ಹಾಕುವ ಅಕ್ಷರವೇ, ಅಂಕಣವೂ ಅದೇ. ಕಟ್ಟನ್ನು ಹಾಗೇ ಕಟ್ಟಿ ರೈಲಿಗೆ ವಾಪಸು ಹಾಕಿಬಿಡೋಣ ಅನ್ನಿಸಿತು. ಆದರೆ ಅದೇ ಪತ್ರಿಕೆಯಲ್ಲಿ ಯುದ್ಧದ ಸುದ್ದಿಯೂ ಇತ್ತು, ಸೈನ್ಯಕ್ಕೆ ಮಕ್ಕಳನ್ನು ಕಳಿಸಿದವರು ಸ್ಟೇಷನ್ನಿನ ಬಾಗಿಲಲ್ಲೇ ಕಾಯುತ್ತಿದ್ದರು. ಹಂಚಿದೆ.

ಅಂದು ಮಧ್ಯಾಹ್ನದೊಳಗೆ ನನಗೆ ಸಿಕ್ಕಷ್ಟು ಶಹಬಾಸು ಅದಕ್ಕೆ ಮುಂಚೆ ಎಂದೂ ಸಿಕ್ಕಿರಲಿಲ್ಲ. “ಒಳ್ಳೇದು ಬರ್ದೆ ಕಣಯ್ಯ, ಬಡವ್ರಿಗೆ ಉಪ್ಕಾರ ಆಯ್ತು” ಎಂದು ಶೆಟ್ಟರು ರಸ್ತೆಯ ಆಚೆಯಿಂದಲೇ ಕೂಗಿ ಹೇಳಿದರು. ನಾನು ಬರೆದದ್ದಲ್ಲ ಎಂದರೆ ವಿನಯಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು.

ನನ್ನ ಅಕ್ಕನನ್ನು ನಾಲೆ ಬಯಲಿನ ಒಂದು ಹಳ್ಳಿಗೆ ಕೊಟ್ಟಿತ್ತು. ಮನೆಯ ಹಿಂದೆಯೇ ನಾಲೆ. ಭಾವ ಲೋಯರ್ ಸೆಕೆಂಡರಿವರೆಗೆ ಓದಿದವರು, ಊರಿನಲ್ಲಿ ಪತ್ರಿಕೆ ತರಿಸುತ್ತಿದ್ದವರು ಅವರೊಬ್ಬರೇ. ಸಂಜೆ ಜಗಲಿಯ ಮೇಲೆ ಕೂತು ಹತ್ತಾರು ಜನರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ‘ನಮ್ಮ ಮದ್ದೂರು ಬಾತ್ಮೀದಾರರಿಂದ’ ಎಂದು ಬಂದರೆ “ಇದು ನಮ್ ಬಾಮೈದ ಬರ್ದಿರೋದು” ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಅಕ್ಕ ಗಾಡಿ ಕಟ್ಟಿಸಿಕೊಂಡು ಮದ್ದೂರಿಗೆ ಬಂದಳು. ಗಾಡಿಯೊಳಗೆ ಹುಲ್ಲಿನ ಮೇಲೆ ಭಾವ ಮಲಗಿದ್ದರು. ಮೇಲೆ ಎರಡು ಕಂಬಳಿ ಹೊದಿಸಿದ್ದರೂ ಅವರ ನಡುಕಕ್ಕೆ ಗಾಡಿಯ ಗೂಟಗಳು ಕಟಕಟ ಎನ್ನುತ್ತಿದ್ದವು. ಮುಖ ಹಳೇ ಕಾಗದದ ಬಣ್ಣಕ್ಕೆ ತಿರುಗಿತ್ತು.

“ಆಸ್ಪತ್ರೆ ಮಾತ್ರೆ ನುಂಗ್ತಿರ್ಲಿಲ್ವಾ ಅಕ್ಕಯ್ಯ?” ಎಂದೆ.

“ಅದ್ಯಾಕೆ ನುಂಗ್ತಾರೆ? ನಿನ್ ಪೇಪರ್ನಾಗೆ ಬಂತಲ್ಲ. ಮನೇಲಿದ್ದ ಮಾತ್ರೇನೆಲ್ಲ ಪಕ್ಕದ್ ಮನ್ಯೋರ್ಗೆ ಕೊಟ್ಬುಟ್ರು. ಬೆಳ್ಗೆ ಸಂಜೆ ಆ ಕಿತ್ಲೆ ನೀರೇ ಕುಡ್ದ್ರು. ಊರೋರ್ಗೂ ಏಳಿ ಕುಡಿಸಿದ್ರು.”

“ಅದು ನಾನ್ ಬರ್ದಿದ್ದಲ್ಲ ಅಕ್ಕಯ್ಯ.”

ಅಕ್ಕ ನನ್ನ ಮುಖವನ್ನೇ ನೋಡಿದಳು. “ಮತ್ಯಾರ್ಲಾ ಬರ್ದೋರು? ಮದ್ದೂರ್ನಾಗೆ ಇನ್ನೊಬ್ಬ ಅವ್ನಾ?”

ಭಾವ ಕಂಬಳಿಯೊಳಗಿಂದ, “ಬುಡು, ಅವನ್ಯಾಕೆ ಸುಳ್ ಬರೀತಾನೆ” ಎಂದರು. ಅವರು ನನ್ನ ಪರವಾಗಿ ಆಡಿದ ಆ ಮಾತು ನನಗೆ ಅಕ್ಕನ ಮಾತಿಗಿಂತ ಹೆಚ್ಚು ಚುಚ್ಚಿತು.

ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಚಳಿಜ್ವರಕ್ಕೆ ಎಡಪಕ್ಕೆಯ ಕೆಳಗಿನ ಗುಲ್ಮ ಊದಿದೆ ಎಂದರು. ಎಲ್ಲಿಂದಲೋ ಹೊಂದಿಸಿ ಕ್ವಿನೈನು ಕೊಟ್ಟರು. ಭಾವ ನಮ್ಮ ಮನೆಯಲ್ಲೇ ಉಳಿದರು. ಜ್ವರ ಬಿಟ್ಟು ಅವರು ಗಂಜಿ ಕುಡಿಯತೊಡಗಿದ ಮೇಲೆ ನಾನು ಅಂಗಡಿ ಮುಚ್ಚಿ ಮೈಸೂರಿನ ರೈಲು ಹತ್ತಿದೆ.

ಸಂಪಾದಕರನ್ನು ನಾನು ಅದುವರೆಗೆ ಕಂಡಿರಲಿಲ್ಲ. ವಯಸ್ಸಾದವರು, ದಪ್ಪ ಗಾಜಿನ ಕನ್ನಡಕ. ನಾನು ಮುಂದಿಟ್ಟ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಗಂಟೆ ಬಾರಿಸಿ ಮ್ಯಾನೇಜರನ್ನು ಕರೆಸಿದರು. ಮ್ಯಾನೇಜರು ಬಂದು, “ಅದು ಕಂಪನಿಯವರ ಮ್ಯಾಟರು. ಮದ್ದೂರು ಅಂತ ಹಾಕಿ, ಸುದ್ದಿ ಅಕ್ಷರದಲ್ಲೇ ಜೋಡಿಸಿ ಅಂದಿದ್ದರು. ಕೊನೆಯಲ್ಲಿ ಜಾಹೀರಾತು ಅಂತ ಗುರುತು ಹಾಕಿದ್ದೇವಲ್ಲ” ಎಂದು ಬೆರಳಿಟ್ಟು ತೋರಿಸಿದರು. ಕೊನೆಯ ಸಾಲಿನ ತುದಿಯಲ್ಲಿ, ಕಂಸದೊಳಗೆ ‘ಜಾ’ ಎಂಬ ಸಣ್ಣ ಅಕ್ಷರವಿತ್ತು. ಅಷ್ಟು ಸಲ ಓದಿದ್ದ ನಾನೇ ಅದನ್ನು ಮಸಿ ಹರಡಿದ್ದು ಎಂದುಕೊಂಡಿದ್ದೆ.

ಮ್ಯಾನೇಜರು ಹೋದ ಮೇಲೆ ಸಂಪಾದಕರು ಪತ್ರಿಕೆಯನ್ನು ಮಡಿಚಿ ನನ್ನ ಕಡೆ ಸರಿಸಿದರು.

“ಯುದ್ಧ ಬಂದು ಕಾಗದ ಸಿಗುತ್ತಿಲ್ಲ, ಸಿಕ್ಕರೂ ದುಬಾರಿ. ಜಾಹೀರಾತಿಲ್ಲದೆ ಪತ್ರಿಕೆ ನಡೆಯುವುದಿಲ್ಲ. ಅದು ನಿಮಗೂ ಗೊತ್ತು.”

“ಜಾಹೀರಾತು ಬೇಡ ಅಂತ ಹೇಳೋಕೆ ಬಂದಿಲ್ಲ ಸ್ವಾಮಿ. ಜಾಹೀರಾತು ಅಂತ ಮೇಲುಗಡೆ, ಕಾಣೋ ಹಾಗೆ ಹಾಕಿ. ನನ್ನ ಸಾಲನ್ನ ಅದರ ಮೇಲೆ ಹಾಕಬೇಡಿ. ನಮ್ಮ ಭಾವ ಆ ಸಾಲು ನೋಡಿ ಔಷಧ ಬಿಟ್ಟರು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಈಗ ಊರಿಗೆ ಹೋಗಿ, ಹಳ್ಳಿಗಳನ್ನು ಸುತ್ತಿ, ಕಂಡದ್ದನ್ನು ಬರೆದು ಕಳಿಸಿ. ಈ ಸಲ ಪೂರ್ತಿ ಹಾಕುತ್ತೇನೆ. ನಿಮ್ಮ ಸಿಟ್ಟನ್ನು ಮಾತ್ರ ಬರೆಯಬೇಡಿ. ಇನ್ನೂ ಒಂದು ಮಾತು. ಆ ಮಿಕ್ಸ್ಚರಿನಿಂದ ವಾಸಿಯಾಯಿತು ಅನ್ನುವವರು ಸಿಕ್ಕರೆ ಅದನ್ನೂ ಬರೆಯಬೇಕು.”

ಆ ಕಡೆಯ ಮಾತು ನನಗೆ ಹಿಡಿಸಲಿಲ್ಲ. ರೈಲಿನಲ್ಲಿ ಬರುವಾಗ ಇಡೀ ದಾರಿ, ಅವರೂ ಕಂಪನಿಯ ಪರವೇ ಇದ್ದಾರೆ ಎಂದುಕೊಳ್ಳುತ್ತಿದ್ದೆ.

ಬಾಡಿಗೆ ಸೈಕಲ್ಲು ಹಿಡಿದು ಹಳ್ಳಿಗಳಿಗೆ ಹೋದೆ. ಹೆಚ್ಚಿನ ಮನೆಗಳಲ್ಲಿ ಒಂದೇ ಕಥೆ: ಮಿಕ್ಸ್ಚರು ಕುಡಿದಾಗ ಜ್ವರ ಬಿಟ್ಟಂತಾಗಿತ್ತು, ಆಮೇಲೆ ಮತ್ತೆ ಬಂತು. ಆದರೆ ಒಂದು ಹಳ್ಳಿಯಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಸೊಂಟದ ಮೇಲೆ ನೀರಿನ ಕೊಡ ಹೊತ್ತೇ ನಿಂತು, “ನಂಗಂತೂ ವಾಸಿ ಆಯ್ತು ಕಣಪ್ಪ. ಇದ್ದಿದ್ ಇದ್ದಂಗೆ ಏಳ್ಬೇಕು” ಎಂದಳು. ಆಸ್ಪತ್ರೆಯ ಮಾತ್ರೆ ನುಂಗಿದ್ದೆಯಾ ಎಂದು ಕೇಳಿದೆ. “ಅದ್ನೂ ನುಂಗ್ದೆ, ಇದ್ನೂ ಕುಡ್ದೆ. ಯಾವುದ್ರಿಂದ ಓಯ್ತೋ ನಂಗೇನ್ ಗೊತ್ತು? ಜ್ವರಕ್ಕೇ ಗೊತ್ತು.”

ಬರೆಯಲು ಕೂತಾಗ ಅವಳನ್ನು ಬಿಟ್ಟುಬಿಡುವ ಆಸೆಯಾಯಿತು. ಬಿಟ್ಟು ಬರೆದು ನೋಡಿದೆ. ಓದಿದರೆ ಅದು ಕಂಪನಿಯವರ ಬರಹವನ್ನು ಮಗುಚಿ ಹಾಕಿದ ಹಾಗಿತ್ತು: ಅಲ್ಲಿ ಎಲ್ಲರಿಗೂ ವಾಸಿ, ಇಲ್ಲಿ ಯಾರಿಗೂ ಇಲ್ಲ. ಸಂಪಾದಕರು ಹೇಳಿದ್ದು ಆಗ ಅರ್ಥವಾಯಿತು. ಅವಳ ಮಾತನ್ನು ಅವಳು ಆಡಿದ ಹಾಗೇ ಸೇರಿಸಿದೆ. ಹಳ್ಳಿಗಳ ಹೆಸರು, ಮುಚ್ಚಿದ ಶಾಲೆ, ಆಸ್ಪತ್ರೆಯಲ್ಲಿ ಮುಗಿದ ಕ್ವಿನೈನು, ಎಲ್ಲವನ್ನೂ ಬರೆದೆ. ಭಾವನ ವಿಷಯ ಬರೆಯಲಿಲ್ಲ.

ಅದು ಪೂರ್ತಿಯಾಗಿ ಅಚ್ಚಾಯಿತು. ಮೇಲೆ ನನ್ನ ಸಾಲು ಇತ್ತು. ಅದೇ ಪುಟದ ಮೂಲೆಯಲ್ಲಿ ಮಿಕ್ಸ್ಚರಿನ ಬರಹವೂ ಇತ್ತು. ಈ ಸಲ ಅದರ ನೆತ್ತಿಯ ಮೇಲೆ ‘ಜಾಹೀರಾತು’ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಸುತ್ತ ಗೆರೆ ಎಳೆದಿದ್ದರು.

ಶೆಟ್ಟರು ಅಂದು ರಸ್ತೆ ದಾಟಿ ನನ್ನ ಅಂಗಡಿಗೇ ಬಂದರು.

“ಏನಯ್ಯಾ, ಎದುರುಬದುರು ಕೂತ್ಕೊಂಡು ಇಂಗಾ ಮಾಡೋದು?”

“ನಿಮ್ಮ ಅಂಗಡಿ ಹೆಸರು ನಾನೆಲ್ಲೂ ಬರ್ದಿಲ್ಲವಲ್ಲ ಶೆಟ್ರೇ.”

“ನೀನು ಬರೀಲಿಲ್ಲ. ಕಂಪ್ನಿಯೋರು ಮದ್ದೂರು ಪೇಟೆ ಅಂತನಾದ್ರೂ ಬರ್ದಿದ್ರು. ಅದೇ ಚೆನ್ನಾಗಿತ್ತು” ಎಂದು ಹೊರಟುಹೋದರು. ದೀಪಾವಳಿಯವರೆಗೆ ನನ್ನನ್ನು ಮಾತಾಡಿಸಲಿಲ್ಲ. ಆಮೇಲೆ ಅವರ ಮೊಮ್ಮಗನಿಗೆ ಸ್ಲೇಟು ಬೇಕಾಗಿ ತಾವೇ ಬಂದರು, ಮಾತು ಶುರುವಾಯಿತು.

ಮಳೆಗಾಲ ಕಳೆದ ಮೇಲೆ ಆಸ್ಪತ್ರೆಗೆ ಕ್ವಿನೈನು ಬಂತು. ನನ್ನ ಬರಹದಿಂದ ಬಂತೋ, ತಾನಾಗಿ ಬರುವ ಹೊತ್ತಿಗೆ ಬಂತೋ ನನಗೆ ತಿಳಿಯದು. ಭಾವ ಕಬ್ಬು ಕಡಿಯುವ ಹೊತ್ತಿಗೆ ಗದ್ದೆಗೆ ಇಳಿದರು. ಜಗಲಿಯ ಮೇಲಿನ ಓದು ಮತ್ತೆ ನಡೆಯಿತು. ಆದರೆ ಈಗ ಅಕ್ಕ ಬಾಗಿಲಲ್ಲಿ ನಿಂತು ಪ್ರತಿ ಸುದ್ದಿಗೂ ಅಡ್ಡ ಪ್ರಶ್ನೆ ಹಾಕುತ್ತಿದ್ದಳಂತೆ. ಅಕ್ಷರ ಬಾರದ ಅವಳು ಕೇಳುತ್ತಿದ್ದುದು ಒಂದೇ: “ಅಲ್ಲಿಗ್ ಓಗಿ ನೋಡ್ದೋರು ಯಾರು, ಅದ್ನೇಳಿ ಮೊದ್ಲು.” ಭಾವನಿಗೆ ಅದೊಂದು ಕಾಟವಾಗಿತ್ತು.

ನನ್ನ ಅಂಗಡಿಯ ಮುಂದೆಯೂ ಜನಕ್ಕೆ ಅದೊಂದು ಹವ್ಯಾಸವಾಯಿತು. ಬೆಳಿಗ್ಗೆ ಪತ್ರಿಕೆ ಹಿಡಿದು, ಇದು ಸುದ್ದಿಯೋ ಕಂಪನಿಯೋ ಎಂದು ವಾದ ಮಾಡುವರು. ಎಲ್ಲರೂ ಹರ್ಷಪಡುತ್ತಿದ್ದಾರೆ ಎಂದಿದ್ದರೆ, ಯಾರ ಊರೂ ಕೇರಿಯೂ ಹೇಳದಿದ್ದರೆ, ಕೊನೆಗೆ ವಸ್ತು ಎಲ್ಲಿ ಸಿಗುತ್ತದೆಂದು ಇದ್ದರೆ, “ಕಂಪನಿ ಕಣ್ಲಾ” ಎಂದು ಪುಟ ಮಗುಚುವರು. ಬಹಳ ಸಲ ಅವರ ಊಹೆ ಸರಿಯಾಗಿರುತ್ತಿತ್ತು.

ಯುದ್ಧ ಮುಗಿದ ಮೇಲೆ ಒಂದು ದಿನ, ಮಳವಳ್ಳಿ ಕಡೆಯ ರೈತರೊಬ್ಬರು ಬಾವಿಗೆ ಕರೆಂಟಿನ ಪಂಪು ಹಾಕಿಸಿದ್ದಾರೆ, ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುವುದೇ ತಪ್ಪಿದೆ, ಊರವರೆಲ್ಲ ಬೆರಗಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಪಂಪಿನ ಕಂಪನಿಯ ಹೆಸರೂ ಇತ್ತು. ಅಂಗಡಿಯ ಮುಂದೆ ಎಲ್ಲರೂ ನಕ್ಕರು. ನನಗೂ ಹಾಗೇ ಅನ್ನಿಸಿತು. ಆದರೆ ಹೋಗಿ ನೋಡಿದವರು ಯಾರು ಎಂಬ ಅಕ್ಕನ ಪ್ರಶ್ನೆ ನೆನಪಾಯಿತು.

“ಸುಮ್ಕೆ ಅಂಗನ್ಬೇಡಿ, ನಾನ್ ನೋಡ್ಕೊಂಡ್ ಬತ್ತೀನಿ” ಎಂದು ಮಾರನೆಯ ದಿನ ಮಳವಳ್ಳಿಯ ಬಸ್ಸು ಹತ್ತಿದೆ. ಪೆಟ್ರೋಲಿನ ಬದಲು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ಬಸ್ಸು ಪ್ರತಿ ಏರಿನಲ್ಲೂ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಇಳಿದು, ಕೇಳಿಕೊಂಡು ಹೋದೆ. ಬಾವಿ ಇತ್ತು, ಪಂಪೂ ಇತ್ತು. ತೋಳುದಪ್ಪದ ನೀರು ಹಿಪ್ಪುನೇರಳೆ ತೋಟಕ್ಕೆ ಹರಿಯುತ್ತಿತ್ತು. ಬಾವಿಯ ಯಜಮಾನರು ಎದ್ದು ಬಂದರು.

“ಪೇಪರ್ನಾಗೆ ಬಂದಿದ್ದು ದಿಟ್ವೆ ಅಂತ ನೋಡಕ್ ಬಂದೆ” ಎಂದೆ.

“ದಿಟವೇ ಕಣಪ್ಪ. ಕಪ್ಲೆ ಹೊಡ್ದೂ ಹೊಡ್ದೂ ಎತ್ಗಳ ಹೆಗಲು ಹುಣ್ಣಾಗಿತ್ತು. ಈಗ ಅವ್ಕೂ ಸುಖ, ನಮ್ಗೂ ಸುಖ. ಕರೆಂಟು ಮಾತ್ರ ಅದಕ್ಕೆ ತೋಚ್ದಾಗ ಬತ್ತದೆ, ತೋಚ್ದಾಗ ಓಯ್ತದೆ. ಅದ್ನ ಅವ್ರು ಹಾಕ್ಲಿಲ್ವೆ?”

“ಇಲ್ಲ.”

“ಹಂಗಾದ್ರೆ ನೀನ್ ಹಾಕು” ಎಂದು, ಪಂಪಿನ ಬಾಯಿಗೆ ಚೊಂಬು ಹಿಡಿದು ತುಂಬಿ ಕೊಟ್ಟರು. ಬಿಸಿಲಲ್ಲಿ ನಡೆದು ಬಂದಿದ್ದೆ. ನೀರು ತಣ್ಣಗಿತ್ತು. ಕುಡಿದು, ಬಾವಿಕಟ್ಟೆಯ ಮೇಲೆ ಕೂತು ಅವರ ಹೆಸರು ಕೇಳಿ ಬರೆದುಕೊಂಡೆ.