ಡಯಲ್ಲಿನ ಬೆನ್ನು

ಗಡಿಯಾರ ರಿಪೇರಿಯವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ತಂಗಿಯ ಗಂಡ ತಂದಿದ್ದು, ಹೋದ ವರ್ಷ ತೀರಿಕೊಂಡ ಅಪ್ಪನ ಕೈಗಡಿಯಾರ. ಹರೆಯದಲ್ಲಿ ಒಮ್ಮೆ ಇವನು, ಅಪ್ಪನ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಇದೇ ಗಡಿಯಾರ ನೋಡಿ, "ಈ ಡಯಲ್ ಅಸಲಿ ಅಲ್ಲ, ಮತ್ತೆ ಬಣ್ಣ ಹೊಡೆದಿದ್ದಾರಪ್ಪ" ಅಂದುಬಿಟ್ಟಿದ್ದ. ಅಪ್ಪ ಕಪಾಳಕ್ಕೆ ಬಿಗಿದಿದ್ದ. "ಕಣ್ಣೇ ನೆಟ್ಟಗಿಲ್ಲದವನಿಗೆ ಈ ಕಸುಬು ಯಾಕೆ?" ಅಂತ ಊರೆಲ್ಲ ಸಾರಿ, ಅಂಗಡಿಯನ್ನು ಅಳಿಯನ ಕೈಗಿಟ್ಟ. ಮಗ ಯಾರದೋ ಕಟ್ಟಡದ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡ. ಇದ್ದದ್ದನ್ನು ಇದ್ದ ಹಾಗೇ ಹೇಳಿ ಮೊದಮೊದಲು ಬೈಗುಳ ತಿಂದ, ಆಮೇಲೆ ಹೆಸರು ಗಳಿಸಿದ.

ಈಗಲೂ ಅವನ ಕಣ್ಣಿಗೆ ಅದೇ ಕಂಡಿತು. ನಿಮಿಷದ ಗೆರೆಗಳು ಒಂದು ಕಡೆ ಅಂಚು ಮುಟ್ಟಿದ್ದವು, ಇನ್ನೊಂದು ಕಡೆ ಮುಟ್ಟಿರಲಿಲ್ಲ. ಕಂಪನಿಯ ಹೆಸರು ಜ್ವರ ಬಂದವರ ಮುಖದ ಹಾಗೆ ಊದಿಕೊಂಡಿತ್ತು. ಡಯಲ್ ಬಿಚ್ಚಿ ತಿರುಗಿಸಿದ. ಬಣ್ಣ ಹೊಡೆದವರು ಬೆನ್ನಿಗೆ ಸೂಜಿಯಲ್ಲಿ ತಮ್ಮ ಗುರುತು ಗೀರುವುದು ಈ ಕಸುಬಿನ ವಾಡಿಕೆ. ಅಲ್ಲಿದ್ದ ಸೊಟ್ಟ ಕೊಕ್ಕೆ ಅಪ್ಪನದೇ ಗುರುತು.

"ನೋಡು ಇದನ್ನ," ಅಂದ. ಡಯಲ್ಲಿನ ಬೆನ್ನನ್ನು ಅವನತ್ತ ಹಿಡಿದ.

"ಗೊತ್ತು ಬಿಡಿ ಭಾವ," ತಂಗಿಯ ಗಂಡ ನಕ್ಕ. "ಮಾವ ನನಗೆ ಯಾವತ್ತೋ ಹೇಳಿದ್ರು. ನಾಳೆ ಇದನ್ನ ಕೊಳ್ಳೋರು ಬರ್ತಾರೆ, ನೀವು ಅಸಲಿ ಅಂದ್ಬಿಡಿ, ಸಾಕು. 'ಅವನು ಸತ್ತರೂ ಸುಳ್ಳು ಹೇಳಲ್ಲ ಅಂತ ಎಲ್ಲರಿಗೂ ಗೊತ್ತು, ಅವನ ಬಾಯಲ್ಲೇ ಹೇಳಿಸು' ಅಂತ ಮಾವನೇ ಹೇಳಿ ಹೋದ್ರು."

ಜನ್ಮದಲ್ಲಿ ಅಪ್ಪ ಮಗನನ್ನು ಹೊಗಳಿದ್ದು ಅದೊಂದೇ ಸಲ.