ಮಸೂತಿಗೆ ಅಂಚೆಯಲ್ಲಿ ಬಂದ ಬೀಜ

ನಾನು ಬಸವನ ಬಾಗೇವಾಡಿಯ ಕೃಷಿ ಕಚೇರಿಯಲ್ಲಿದ್ದಾಗ ಮೇಲಿನಿಂದ ಒಂದು ಸೂಚನೆ ಬಂತು. ಕೇಳದವರ ಮನೆಗಳಿಗೂ ಹೊರದೇಶದಿಂದ ಅಂಚೆಯಲ್ಲಿ ಬೀಜದ ಪೊಟ್ಟಣಗಳು ಬರುತ್ತಿವೆ, ಯಾರೂ ಬಿತ್ತಬಾರದು ಎಂದು. ನಮ್ಮ ಬೆಳೆಗೆ ರೋಗ ಹಚ್ಚಲು ಯಾರೋ ಬೇಕಂತಲೇ ಕಳಿಸಿರಬಹುದು, ಇದೂ ಒಂದು ಬಗೆಯ ಭಯೋತ್ಪಾದನೆ ಇರಬಹುದು ಎಂಬ ಅನುಮಾನವಿತ್ತು. ಭಯೋತ್ಪಾದನೆ ಎಂದರೆ ಬಾಂಬು, ಬಂದೂಕು ಎಂದುಕೊಂಡಿದ್ದ ನಮಗೆ ಮೊದಲು ನಗುವೇ ಬಂದಿತ್ತು.

ಆ ಸಂಜೆ ಹತ್ತಿರದ ಮಸೂತಿ ಎಂಬ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆಗೆ ಫೋನಿನಲ್ಲಿ ಇದನ್ನು ಸುಮ್ಮನೆ ಹೇಳಿದೆ.

"ನಮ್ಮ ಮನಿಗೂ ಬಂದಾವಲ್ಲೋ. ಹಿತ್ತಲದಾಗ ಹಾಕೇನಿ, ಮೊಳಕಿನೂ ಒಡದಾವು," ಎಂದಳು. ಮಗ ತರಿಸಿದ್ದೆಂದು ತಿಳಿದಿದ್ದಳಂತೆ.

ಮರುದಿನ ಬೆಳಿಗ್ಗೆಯೇ ಹೋದೆ. ಬದನೆ ಗಿಡಗಳ ಪಕ್ಕದಲ್ಲಿ ಎಳೆಯ ಸಸಿಗಳು ಸಾಲಾಗಿದ್ದವು. ನೆರೆಮನೆಯ ಕೋಳಿ ಕೆದರದಂತೆ ಅತ್ತೆ ಸುತ್ತ ಮುಳ್ಳು ಹಚ್ಚಿದ್ದಳು.

"ಇವನ್ನ ಕಿತ್ತು ಸುಡಬೇಕಾಗ್ತೈತಿ, ಅತ್ತಿ."

"ಮೊಳಕಿ ಬಂದದ್ದನ್ನ ಸುಡೂದಾ? ನನ್ನ ಕೈಲೆ ಆಗೂದಿಲ್ಲ ತಮ್ಮಾ. ಹೂವಿನ ಗಿಡ ಇರಬೇಕು ಇವು."

"ಇದ್ರೂ ಇರಬಹುದು. ಇದರಾಗಿನ ರೋಗ ಹೊಲಕ್ಕ ಹತ್ತಿದ್ರ ಜೋಳ, ತೊಗರಿ ಎಲ್ಲಾ ಹೋಗ್ತೈತಿ."

ಆಕೆ ಬೇಲಿಯಾಚೆ ದಾರಿಯುದ್ದಕ್ಕೂ ಬೆಳೆದ ಕಾಂಗ್ರೆಸ್ ಕಸವೆಂಬ ಕಳೆಯನ್ನು ನೋಡಿದಳು. "ನಾ ಸಣ್ಣಾಕಿ ಇದ್ದಾಗ ಇದು ಇರಲಿಲ್ಲ. ಇದೂ ಹಿಂಗ ಬಂತೇನು?"

"ಹೊರದೇಶದ ಗೋಧಿ ಜೊತಿ ಬಂತಂತಾರ. ಯಾರೂ ಬೇಕಂತ ತಂದದ್ದಲ್ಲ."

"ಬೇಕಂತ ತರಲಾರದನ ಇಷ್ಟೆಲ್ಲಾ ಹಬ್ಬೇತಿ," ಎಂದು ಒಳಗೆ ಹೋಗಿ ಕಳೆ ಕೀಳುವ ಖುರ್ಪಿ ತಂದಳು.

ಸಸಿಗಳನ್ನು ಆಕೆಯೇ ಬೇರುಸಹಿತ ಕಿತ್ತಳು. ಸುತ್ತಲಿನ ಮಣ್ಣನ್ನೂ ತೆಗೆಯಬೇಕೆಂದಾಗ ಮಾತ್ರ ಕೈ ತಡೆಯಿತು. ಬೇಸಿಗೆಯಿಡೀ ಗೊಬ್ಬರ ಕೂಡಿಸಿ ಹದ ಮಾಡಿದ ಮಣ್ಣು ಅದು. ಕೊನೆಗೆ ಅದನ್ನೂ ಬುಟ್ಟಿಗೆ ತುಂಬಿದಳು. ಎಲ್ಲವನ್ನೂ ಸಗಣಿ ಕುಳ್ಳಿನ ಬೆಂಕಿಗೆ ಹಾಕಿ, ಅದು ಆರುವವರೆಗೂ ಇಬ್ಬರೂ ಕಾದೆವು. ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ನಾನು ಕಚೇರಿಗೆ ತಂದೆ. ಅಲ್ಲಿಂದ ಪರೀಕ್ಷೆಗೆ ಹೋಯಿತು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಸಾದಾ ಹೂವಿನ ಬೀಜ, ರೋಗವೇನೂ ಇಲ್ಲ. ಅತ್ತೆಗೆ ಹೇಳಲು ಹಿಂಜರಿದೆ, ಆದರೂ ಹೇಳಿದೆ.

"ಆವತ್ತ ನಿನಗರ ಏನ್ ಗೊತ್ತಿತ್ತು? ಸುಟ್ಟಿದ್ದು ಛಲೋ ಆತು ಬಿಡು," ಎಂದಳು.

ನನ್ನನ್ನು ಕಾಡಿದ್ದು ಬೇರೆ. ಮುಂದಿನ ಮಳೆಗಾಲ ನಾನು ಅತ್ತೆಯ ಮನೆಯಲ್ಲಿದ್ದಾಗಲೇ ನೆರೆಯಾಕೆ ಬಂದು, ಸೆರಗಿನ ಗಂಟು ಬಿಚ್ಚಿ ಹೀರೆ ಬೀಜ ಮುಂದೆ ಹಿಡಿದಳು. ಅತ್ತೆ ಕೈ ಚಾಚುವ ಮೊದಲು, "ಎಲ್ಲೀವು ಇವು?" ಎಂದು ಕೇಳಿದಳು. ಹಿಂದೆಂದೂ ಹಾಗೆ ಕೇಳಿದವಳಲ್ಲ.

"ನಮ್ಮ ತವರಮನೀವ್ರಿ, ಕನ್ನೊಳ್ಳಿ ಊರಾಗಿನವು," ಎಂದಳು ನೆರೆಯಾಕೆ. ಆಮೇಲೆ ಅತ್ತೆ ತೆಗೆದುಕೊಂಡಳು.

ಆ ಪ್ರಶ್ನೆಯನ್ನು ಕಲಿಸಿದವನು ನಾನೇ. ಕೇಳಬೇಕಾದದ್ದೇ ಎಂದು ಈಗಲೂ ಹಳ್ಳಿಹಳ್ಳಿಯಲ್ಲಿ ಹೇಳುತ್ತೇನೆ. ಆದರೆ ಬೀಜ ಹಿಡಿದ ಆ ಹೆಂಗಸಿನ ಕೈ ಒಂದು ಗಳಿಗೆ ಹಾಗೇ ನಿಂತದ್ದು ಕಣ್ಣಿಂದ ಹೋಗಿಲ್ಲ.